ಯಾವ ಕಪ್ಪೆ, ಎಲ್ಲಿಯ ಕಪ್ಪೆ

— ಮಾವ, ಈ ಫೋಟೊ ಸ್ವಲ್ಪ ನೋಡಿ. ಇದು ಯಾವ ಕಪ್ಪೆ?

— ಎಲ್ಲಿ ಸಿಕ್ತು?

— ಅದನ್ನ ಆಮೇಲೆ ಹೇಳ್ತೀನಿ. ಫೋನಿನ ಆ್ಯಪ್ ಮೂರು ಹೆಸರು ಕೊಟ್ಟಿದೆ. ಅದರಲ್ಲಿ ಯಾವುದು ಸರಿ ಅಂತ ನೀವು ಹೇಳಿದ್ರೆ ಸಾಕು.

— ಜಾಗ ಹೇಳದೆ ಇದ್ರೆ ನಾನು ಕೊಡೋದೂ ಮೂರೇ ಹೆಸರು, ಮಾರಾಯ್ತಿ. ನೆಲದ ಮೇಲಿತ್ತಾ, ಎಲೆ ಮೇಲಿತ್ತಾ? ಹರಿಯೋ ನೀರೋ, ನಿಂತ ನೀರೋ? ಎಷ್ಟು ಹೊತ್ತಿಗೆ ಕಂಡಿದ್ದು? ಕೂಗ್ತಾ ಇತ್ತಾ? ಇಷ್ಟು ಗೊತ್ತಾದ್ರೆ ಫೋಟೊ ಇಲ್ಲದಿದ್ರೂ ಅರ್ಧ ಕೆಲಸ ಆಯ್ತು.

— ಗದ್ದೆ ಅಂಚಲ್ಲಿತ್ತು, ಸಂಜೆ. ಕಂದು ಬಣ್ಣ, ಬೆನ್ನಿನ ಮೇಲೆ ನಡುವೆ ಒಂದು ಬಿಳಿ ಗೀಟು.

— ಗೀಟು ಒಂದೇ ಜಾತಿಯಲ್ಲಿ ಕೆಲವಕ್ಕೆ ಇರುತ್ತೆ, ಕೆಲವಕ್ಕೆ ಇರಲ್ಲ. ಬಣ್ಣವಂತೂ ಕೊನೆಗೆ ಇಟ್ಕೋ. ಗೋಂಕರುಗಪ್ಪೆಯನ್ನೇ ನೋಡು. ವರ್ಷವಿಡೀ ಹಸಿರು ಬೆರೆತ ಕಂದು. ಮೊದಲ ಜೋರು ಮಳೆ ಬಿದ್ದು ಗದ್ದೆ ತುಂಬಿದಾಗ ಗಂಡುಗಳೆಲ್ಲ ನಿಂಬೆಹಳದಿಗೆ ತಿರುಗ್ತವೆ, ಗಂಟಲ ಎರಡೂ ಕಡೆಯ ಚೀಲ ನೀಲಿ. ಮಿಲನದ ಗಲಾಟೆ ಮುಗಿದ ಮೇಲೆ ಮತ್ತೆ ಹಳೇ ಬಣ್ಣ. ಪ್ರತಿ ಮುಂಗಾರಲ್ಲೂ ಯಾರೋ ಆ ವಿಡಿಯೊ ಕಳಿಸಿ, ಇದೇನು ವಿದೇಶಿ ವಿಷದ ಕಪ್ಪೆಯಾ ಅಂತ ಕೇಳ್ತಾರೆ. ಅವರ ಅಜ್ಜನ ಗದ್ದೆಯಲ್ಲೇ ಇದ್ದ ಕಪ್ಪೆ ಅದು.

— ಬಣ್ಣ ಬೇಡ ಅಂದ್ರೆ ನೋಡೋದಾದ್ರೂ ಏನನ್ನ?

— ಬಚ್ಚಲುಮನೆಗೆ ಹೋಗು. ಹಂಡೆಯ ಹಿಂದಿನ ಗೋಡೆಯಲ್ಲಿ ಒಂದು ಕೂತಿರಬೇಕು. ಟಾರ್ಚ್ ತಗೊಂಡು ಹೋಗು, ಮುಟ್ಟಬೇಡ, ನೋಡ್ಕೊಂಡು ಬಂದು ಹೇಳು.

— ...ಇದೆ. ತೆಳು ಕಂದು. ಬೆರಳ ತುದಿ ಎಲ್ಲ ಚಪ್ಪಟೆ ಬಿಲ್ಲೆ. ಕಣ್ಣಿನ ಹಿಂದೆ ಒಂದು ದುಂಡನೆ ಚರ್ಮ, ಅದರ ಮೇಲೆ ಹುಬ್ಬಿನ ಹಾಗೆ ಒಂದು ಮಡಿಕೆ. ಟಾರ್ಚ್ ಬಿಟ್ಟಾಗ ಒಂದು ಕಾಲು ಚಾಚಿತು. ತೊಡೆಯ ಹಿಂಭಾಗದಲ್ಲಿ ಹಳದಿ ಚುಕ್ಕೆ, ಸುತ್ತ ಕಪ್ಪು ಬಲೆ ಇದ್ದ ಹಾಗೆ.

— ಮುಗೀತಲ್ಲ! ಬಿಲ್ಲೆ ಇದ್ರೆ ಹತ್ತೋ ಕಪ್ಪೆ. ದುಂಡನೆ ಚರ್ಮ ಅಂದ್ಯಲ್ಲ, ಅದು ಕಿವಿಯ ತಮಟೆ. ಕೆಲವು ಕಪ್ಪೆಗಳಲ್ಲಿ ಎದ್ದು ಕಾಣುತ್ತೆ, ಕೆಲವದರಲ್ಲಿ ಚರ್ಮದಡಿ ಮುಚ್ಚಿಹೋಗಿರುತ್ತೆ. ತೊಡೆ ಹಿಂದೆ ಹಳದಿ ಚುಕ್ಕೆ ಅಂದ್ರೆ ಇದು ನಮ್ಮ ಸಾಮಾನ್ಯ ಮರಗಪ್ಪೆ, ಪಾಲಿಪಿಡೇಟಸ್ ಮ್ಯಾಕುಲೇಟಸ್. ಇವತ್ತು ತೆಳು ಕಂದು, ನಾಳೆ ಬೆಳಿಗ್ಗೆ ಸೌದೆ ರಾಶಿ ಮೇಲೆ ಕೂತಾಗ ಗಾಢ ಕಂದು. ಚುಕ್ಕೆ ಮಾತ್ರ ಎಲ್ಲಿಗೂ ಹೋಗಲ್ಲ. ಕೂತಾಗ ತೊಡೆ ಮಡಚಿರೋದ್ರಿಂದ ಮುಖ್ಯವಾದ ಗುರುತೇ ಬಚ್ಚಿಟ್ಟಿರುತ್ತೆ. ಎಲ್ಲರೂ ಮೇಲಿನಿಂದ ಒಂದು ಫೋಟೊ ತೆಗೆದು ಬರ್ತಾರೆ. ಪಕ್ಕದಿಂದ ಒಂದು, ಪಾದದ್ದು ಒಂದು, ಸಾಧ್ಯವಾದ್ರೆ ಹೊಟ್ಟೆಯದ್ದು ಒಂದು. ಮೇಲಿನಿಂದ ತೆಗೆದ ಹತ್ತು ಫೋಟೊಗಿಂತ ಪಾದದ ಒಂದು ಫೋಟೊ ಮೇಲು.

— ಪಾದದಲ್ಲಿ ಅಂಥದ್ದೇನಿದೆ?

— ಅದು ಬದುಕೋ ರೀತಿಯೆಲ್ಲ ಪಾದದಲ್ಲೇ ಇದೆ. ಹಿಂಗಾಲಿನ ಬೆರಳುಗಳ ನಡುವಿನ ಪೊರೆ ತುದಿವರೆಗೂ ಬಂದಿದ್ರೆ ನೀರಲ್ಲೇ ಇರೋದು. ನೀರ ಮೇಲೆ ಪಟಪಟ ಅಂತ ಜಿಗಿದು ಹೋಗೋ ಕೆರೆಕಪ್ಪೆಯ ಪಾದ ಹಾಗಿರುತ್ತೆ. ಪೊರೆ ಅರ್ಧಕ್ಕೆ ನಿಂತಿದ್ರೆ ಗದ್ದೆ, ಹುಲ್ಲು ಅಂತ ಓಡಾಡೋ ಕಪ್ಪೆ. ಹಿಮ್ಮಡಿ ಹತ್ತಿರ ಗುದ್ದಲಿಯಂಥ ಗಟ್ಟಿ ಗಂಟು ಇದ್ರೆ ಮಣ್ಣು ತೋಡಿ ಒಳಗೆ ಹೋಗೋದು. ನಿಮ್ಮ ಬೆಂಗಳೂರಿನ ಹೊರವಲಯದಲ್ಲೇ ಅಂಥ ಒಂದು ಬಿಲಗಪ್ಪೆ ಸಿಕ್ಕಿ, 2020ರಲ್ಲಿ ಸ್ಫೀರೊಥೀಕಾ ಬೆಂಗಳೂರು ಅಂತ ಹೆಸರಿಟ್ರು. ಲೇಔಟ್ ಮಾಡೋಕೆ ಗೀಟು ಹಾಕೋ ಬಯಲಲ್ಲಿ ವರ್ಷದ ಬಹುಪಾಲು ಮಣ್ಣಡಿ ಮಲಗಿ, ಮಳೆಗೆ ಎದ್ದು ಬರೋ ಪ್ರಾಣಿ. ಕೈಬೆರಳಿಗೂ ಕಾಲ್ಬೆರಳಿಗೂ ದೊಡ್ಡ ಕೆಂಪು-ಕಿತ್ತಳೆ ಪೊರೆ ಇದ್ರೆ ಅದು ಹಾರುವ ಕಪ್ಪೆ, ಮೈಯೆಲ್ಲ ಹಸಿರು. ಅದನ್ನ ಒಂದು ಸಲ ನೋಡಿದವರು ಮರೆಯಲ್ಲ. ಅದರ ಬಗ್ಗೆ ಹೇಳೋಕೆ ಏನೂ ಇಲ್ಲ.

— ನೆಲಗಪ್ಪೆ ಸುಲಭ ಅಲ್ವಾ? ಒಣ ಚರ್ಮ, ಮೈಯೆಲ್ಲ ಗುಳ್ಳೆ.

— ಗುಳ್ಳೆಗಿಂತ ಕಣ್ಣಿನ ಹಿಂದೆ ಉಬ್ಬಿದ ಉದ್ದನೆ ಗ್ರಂಥಿ ನೋಡು. ಕಾಟ ಕೊಟ್ರೆ ಅಲ್ಲಿಂದಲೇ ಬಿಳಿ ವಿಷ ಒಸರೋದು. ನಾಯಿ ಒಮ್ಮೆ ಬಾಯಿ ಹಾಕಿದ್ರೆ ಜೊಲ್ಲು ಸುರಿಸ್ಕೊಂಡು ಬರುತ್ತೆ. ಮುಟ್ಟಿದವರಿಗೆ ನರೂಲಿ ಬರುತ್ತೆ ಅನ್ನೋದು ಮಾತ್ರ ಸುಳ್ಳು. ಮನೆ ಸುತ್ತ ಕಾಣೋ ನೆಲಗಪ್ಪೆಗೆ ತಲೆ ಮೇಲೆ ಕಣ್ಣಿನ ಸುತ್ತ ಕಪ್ಪು ಏಣುಗಳಿವೆ. ಸಣ್ಣದಿದ್ದಾಗಲೂ ಅದರಿಂದ ಗುರುತು ಸಿಗುತ್ತೆ. ಮೊಟ್ಟೆಯನ್ನ ಎರಡು ಉದ್ದನೆ ಲೋಳೆ ಎಳೆಯಲ್ಲಿ ಇಡುತ್ತೆ, ಒಳಗೆ ಕರಿ ಕಾಳು ಸಾಲಾಗಿ. ಬೇರೆ ಕಪ್ಪೆಯ ಮೊಟ್ಟೆ ಮುದ್ದೆಯಾಗಿಯೋ ನೀರ ಮೇಲೆ ಪದರವಾಗಿಯೋ ಇರುತ್ತೆ. ಆದ್ರೆ ನೆಲಗಪ್ಪೆ ಅಂದಮಾತ್ರಕ್ಕೆ ನೆಲದಲ್ಲೇ ಇರಬೇಕು ಅಂತಿಲ್ಲ. ಘಟ್ಟದ ಕಾಡಲ್ಲಿ ಮರದ ಮೇಲೆ ಬದುಕೋ ನೆಲಗಪ್ಪೆ ಒಂದಿದೆ, ಪೆಡೊಸ್ಟೈಬಿಸ್ ಅಂತ. 1875ರಲ್ಲೇ ಗುಂಥರ್ ಅನ್ನೋ ಪ್ರಾಣಿಶಾಸ್ತ್ರಜ್ಞ ವರ್ಣಿಸಿದ್ದು. ಬೆರಳ ತುದಿ ಅಗಲ.

— ಸರಿ, ಪಾದ, ತೊಡೆ, ಕಿವಿ, ಗ್ರಂಥಿ. ಇದೆಲ್ಲ ಫೋಟೊದಲ್ಲೇ ಸಿಗುತ್ತಲ್ಲ? ಹಾಗಾದ್ರೆ ಆ್ಯಪ್‌ಗೆ ಒಳ್ಳೆ ಫೋಟೊ ಕೊಟ್ರೆ ಆಯ್ತು. ನೀವು ಸುಮ್ನೆ ಅದರ ಮೇಲೆ ಸಿಟ್ಟು ಮಾಡ್ತೀರಿ.

— ಸಿಟ್ಟಿಲ್ಲ. ಆ ಗಾಜಿನ ಭರಣಿ ಇಲ್ಲಿ ತಾ. ಅಂಗಳದ ನೀರಲ್ಲಿ ಟರ್ರ್ ಟರ್ರ್ ಅಂತಿದೆಯಲ್ಲ, ಅದರಲ್ಲಿ ಒಂದನ್ನ ಹಿಡಿ. ಕೈ ಮೊದಲು ಅದೇ ನೀರಲ್ಲಿ ಒದ್ದೆ ಮಾಡ್ಕೋ. ಸೊಳ್ಳೆ ಮುಲಾಮು ಹಚ್ಚಿದ್ದೀಯಾ?

— ಹೂಂ, ಸಂಜೆ ಹಚ್ಚಿದ್ದೆ.

— ಹಾಗಾದ್ರೆ ನೀನು ಮುಟ್ಟಬೇಡ. ಕಪ್ಪೆ ಚರ್ಮದಿಂದಲೂ ಉಸಿರಾಡುತ್ತೆ, ನೀರನ್ನೂ ಚರ್ಮದಿಂದಲೇ ಒಳಗೆ ತಗೊಳುತ್ತೆ. ನಿನ್ನ ಕೈಯಲ್ಲಿದ್ದದ್ದೆಲ್ಲ ಅದರ ಮೈಗೆ ಹೋಗುತ್ತೆ. ನಾನೇ ಹಿಡೀತೀನಿ... ಹಾಂ, ಬಂತು. ಈಗ ಭರಣಿಯ ಕೆಳಗಿನಿಂದ ನೋಡು. ಹೊಟ್ಟೆಯ ಎರಡೂ ಪಕ್ಕ ಉದ್ದಕ್ಕೆ ಒಂದೊಂದು ಸಣ್ಣ ಗೆರೆ ಕಾಣ್ತಾ?

— ಕಾಣ್ತು. ಕೈ ಬುಡದಿಂದ ತೊಡೆವರೆಗೆ.

— ಆ ಗೆರೆ ಇದ್ರೆ ಇದು ಗದ್ದೆಯ ಸಣ್ಣ ಕಪ್ಪೆಗಳ ಗುಂಪು, ಮಿನರ್ವಾರ್ಯ. ಇಲ್ಲಿವರೆಗೆ ಖಚಿತ. ನಿನ್ನ ಫೋಟೊದ್ದೂ ಬಹುಶಃ ಇದೇ ಗುಂಪು. ಇನ್ನು ಮುಂದೆ ಬಾಯಿ ಬಿಗಿ ಹಿಡಿಯಬೇಕು. 2007ರಲ್ಲಿ ನಮ್ಮ ಘಟ್ಟದ ಮಧ್ಯಭಾಗದಿಂದ ಈ ಗುಂಪಿನ ನಾಲ್ಕು ಹೊಸ ಪ್ರಭೇದ ಒಟ್ಟಿಗೇ ಹೊರಬಂದವು, ಒಂದಕ್ಕೆ ಕುದುರೆಮುಖದ ಹೆಸರೇ ಇದೆ. ಎಲ್ಲವೂ ಕಂದು, ಎಲ್ಲಕ್ಕೂ ಬೆನ್ನಲ್ಲಿ ಸಣ್ಣ ಸಣ್ಣ ಮಡಿಕೆ. ಅಳತೆ, ಕೂಗು, ಡಿಎನ್‌ಎ ಎಲ್ಲ ಸೇರಿಸಿ ಬೇರೆ ಮಾಡಿದ್ದು. ಆ್ಯಪ್ ಫೋಟೊ ನೋಡಿ ಒಂದು ಹೆಸರು ಕೊಡುತ್ತೆ, ಯಾಕಂದ್ರೆ ಅದರ ಕೆಲಸ ಹೆಸರು ಕೊಡೋದು. ನಾನಾದ್ರೆ ಪುಸ್ತಕದಲ್ಲಿ ಮಿನರ್ವಾರ್ಯ, ಪ್ರಭೇದ ತಿಳಿಯದು ಅಂತ ಬರೆದು, ಜಾಗ, ಹೊತ್ತು, ಕೂಗು ಬರೀತೀನಿ. ಹಾಗೆ ಬರೆದದ್ದು ಸುಳ್ಳಾಗಲ್ಲ.

— ತಿಳಿಯದು ಅಂತ ಬರೆಯೋಕೆ ಇಷ್ಟು ಕಷ್ಟಪಡಬೇಕಾ?

— ಅದಕ್ಕೇ ಜಾಸ್ತಿ ಕಷ್ಟ. ಕೂಗು ಕೇಳಿದ್ಯಲ್ಲ ಈಗ, ಒಂದೇ ಅನ್ನಿಸ್ತಾ?

— ಎಲ್ಲ ಸೇರಿ ಒಂದೇ ಗದ್ದಲ. ಬೆಂಗಳೂರಿನ ಸಿಗ್ನಲ್ ಇದಕ್ಕಿಂತ ಮೇಲು.

— ಒಂದು ಸದ್ದನ್ನ ಹಿಡ್ಕೋ, ಉಳಿದದ್ದು ಬಿಡು. ದೂರದಲ್ಲಿ ಗೋಂಕರು, ದಪ್ಪ ದನಿ, ನಿಧಾನ. ಬೇಲಿ ಹತ್ತಿರ ಎಳೆದು ಎಳೆದು ಕುರ್ರ್‌ರ್ ಅಂತಿರೋದು ನೆಲಗಪ್ಪೆ. ಈಗ ಮೇಲೆ ಕೇಳು, ಕಾಫಿ ಗಿಡದ ಕಡೆ. ಟಿಂಕ್, ಟಿಂಕ್.

— ಅದು ಹುಳ ಅಲ್ವಾ?

— ಪೊದೆಗಪ್ಪೆ. ಇಂಚಿನಷ್ಟೂ ಇಲ್ಲ. ನೀರಿಗೆ ಇಳಿಯೋದೇ ಇಲ್ಲ, ಅದಕ್ಕೆ ಗೊದಮೊಟ್ಟೆಯ ಹಂತವೂ ಇಲ್ಲ. ಮೊಟ್ಟೆಯಿಂದ ನೇರವಾಗಿ ಪುಟಾಣಿ ಕಪ್ಪೆಯೇ ಹೊರಬರೋದು. ಇವುಗಳಲ್ಲಿ ಎಷ್ಟೋ ಜಾತಿ ಒಂದೇ ತರ ಕಾಣ್ತವೆ, ಒಂದೇ ಜಾತಿಯಲ್ಲಿ ಎರಡು ಮೂರು ಬಣ್ಣವೂ ಇರುತ್ತೆ. ಆದ್ರೆ ಹೆಣ್ಣು ಬಣ್ಣ ನೋಡಿ ಬರಲ್ಲ, ಕತ್ತಲಲ್ಲಿ ದನಿ ಕೇಳಿ ಬರುತ್ತೆ. ಅದಕ್ಕೆ ತನ್ನ ಜಾತಿಯವನು ಯಾರು ಅಂತ ಆ ಕೂಗಲ್ಲಿ ತಿಳಿಯುತ್ತೆ ಅಂದ್ಮೇಲೆ ನಾವೂ ಅದನ್ನೇ ಕೇಳಬೇಕು. ಹುಳ ಅಂದ್ಕೊಂಡದ್ದು ನೀನೊಬ್ಬಳೇ ಅಲ್ಲ. ಮಣಿಪಾಲದ ಮುರಕಲ್ಲಿನ ಬಯಲಲ್ಲಿ ಮಿಡತೆ, ಜೀರುಂಡೆ ತರ ಕೂಗೋ ಚೋಟುದ್ದದ ಕಪ್ಪೆ ಇತ್ತು. ಯಾವತ್ತಿಂದಲೋ ಇತ್ತು. ಮೈಕ್ರೊಹೈಲ ಲ್ಯಾಟರೈಟ್ ಅಂತ ಹೆಸರು ಬಂದದ್ದು 2016ರಲ್ಲಿ. ಕಾಲೇಜು, ಆಸ್ಪತ್ರೆ, ಹಾಸ್ಟೆಲ್ ತುಂಬಿದ ಊರಲ್ಲಿ!

— ಅದೇ ನಾನು ಹೇಳೋದು. ಅಂಥದ್ದನ್ನೆಲ್ಲ ಹುಡುಕಿದ್ದು ಕ್ಯಾಮೆರಾ, ಫೋನ್ ಹಿಡ್ಕೊಂಡು ಸುತ್ತೋ ನನ್ನ ವಯಸ್ಸಿನವರು. ಫೋನಿನಲ್ಲಿ ಕೂಗನ್ನೂ ರೆಕಾರ್ಡ್ ಮಾಡಬಹುದು. ಜಾಗವನ್ನೂ ಅದೇ ಬರ್ಕೊಳ್ಳುತ್ತೆ, ಹೊತ್ತನ್ನೂ. ನೀವು ಪುಸ್ತಕದಲ್ಲಿ ಬರೆಯೋದನ್ನ ಅದು ಕೇಳದೇನೇ ಮಾಡುತ್ತೆ.

— ಅದು ಒಪ್ಪಿದೆ. ವಿಜ್ಞಾನಿಗಳೇ ಆಗಬೇಕು ಅಂತೇನಿಲ್ಲ. ಇದೇ ಉತ್ತರ ಕನ್ನಡದ ಕರಾವಳಿಯಲ್ಲಿ ಮಿಂಚುಳ್ಳಿ ಕೂಗಿದ ಹಾಗೆ ಕೂಗೋ ಹಸಿರು ಕಪ್ಪೆಯನ್ನ ಮೊದಲು ಗಮನಿಸಿದ್ದು ಅರಣ್ಯ ಇಲಾಖೆಯ ಒಬ್ಬ ಸಿಬ್ಬಂದಿ. 2016ರಲ್ಲಿ ಅದಕ್ಕೆ ಕರಾವಳಿ ಅಂತಲೇ ಹೆಸರಿಟ್ರು. ಅದು ನಿಜಕ್ಕೂ ಬೇರೆ ಪ್ರಭೇದವೇ ಅನ್ನೋ ಚರ್ಚೆ ಆಮೇಲೆ ಎದ್ದಿದೆ, ಅದು ಬೇರೆ ಮಾತು. ಹಕ್ಕಿ ಇಲ್ಲದ ಕಡೆ ಹಕ್ಕಿ ದನಿ ಯಾಕೆ ಬರ್ತಿದೆ ಅಂತ ನಿಂತು ಕೇಳಿದ್ರಲ್ಲ, ಅದು ದೊಡ್ಡದು.

— ಮತ್ತೆ ನೀವು ಜಾಗ ಜಾಗ ಅಂತೀರಲ್ಲ, ಜಾಗವೂ ಮೋಸ ಮಾಡಬಹುದು. ಮಂಗಳೂರಿನ ಕೈಗಾರಿಕಾ ಪ್ರದೇಶದಲ್ಲಿ ಮರದ ದಿಮ್ಮಿ ಹಾಕ್ತಿದ್ದ ಜಾಗದಲ್ಲಿ ಒಂದು ಸಣ್ಣ ಕಪ್ಪೆ ಸಿಕ್ಕಿತ್ತು, 2018ರಲ್ಲಿ. ಮೈಕ್ರೊಹೈಲ ಕೊಡಿಯಾಲ್. ಅದರ ನೆಂಟರು ಇಲ್ಲಿಯವರಲ್ಲ, ಆಗ್ನೇಯ ಏಷ್ಯಾದವರಂತೆ. ಹಡಗಲ್ಲಿ ಮರದ ಜೊತೆ ಬಂದಿರಬಹುದು ಅಂತ ಊಹೆ. ಕೈಪಿಡಿಯ ನಕಾಶೆ ಹಿಡ್ಕೊಂಡು ಕೂತಿದ್ರೆ ಅದನ್ನ ಇಲ್ಲಿಯ ಯಾವುದೋ ಕಪ್ಪೆ ಅಂತ ಬರೆದು ಮುಗಿಸ್ತಿದ್ರಿ.

— ಬರೆದು ಮುಗಿಸ್ತಿದ್ದೆನೋ ಏನೋ. ಆದ್ರೂ ದಿಮ್ಮಿ ಹಾಕ್ತಿದ್ದ ಜಾಗ ಅಂತ ಬರೆದಿದ್ದಕ್ಕೇ ತಾನೇ ಆ ಊಹೆಗೆ ದಾರಿ ಆಗಿದ್ದು? ಮಂಗಳೂರು ಅಂತಷ್ಟೇ ಚೀಟಿ ಅಂಟಿಸಿದ್ರೆ? ಜಾಗ ಅಂದ್ರೆ ಊರಿನ ಹೆಸರಲ್ಲ. ಇದಕ್ಕೆ ನಾರಾಯಣ ರಾವ್ ಅವರ ಕಥೆ ಕೇಳು. ಸಿ.ಆರ್. ನಾರಾಯಣ ರಾವ್, ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರದ ಪ್ರೊಫೆಸರ್. 1932ರಲ್ಲಿ ಕರೆಂಟ್ ಸೈನ್ಸ್ ಪತ್ರಿಕೆ ಶುರುವಾದಾಗ ಅದರ ಸಂಪಾದಕರು. 1937ರಲ್ಲಿ ಮೈಸೂರು, ಕೊಡಗಿನ ಘಟ್ಟದ ಕಪ್ಪೆಗಳ ಬಗ್ಗೆ ಅವರ ದೊಡ್ಡ ಲೇಖನ ಬಂತು. ಕೊಟ್ಟಿಗೆಹಾರ, ಕೆಂಪುಹೊಳೆ, ಹೀಗೆ ಊರು ಹಳ್ಳಗಳ ಹೆಸರು ಕಪ್ಪೆಗಳ ಹೆಸರಲ್ಲೇ ಸೇರಿದವು. ಆಮೇಲೆ ಆಗಿದ್ದೇನು ಗೊತ್ತಾ? ಅವರು ಜಾಡಿಗಳಲ್ಲಿ ಇಟ್ಟಿದ್ದ ಮೂಲ ಮಾದರಿಗಳೇ ಕಳೆದುಹೋದವು.

— ಅಯ್ಯೋ. ಹಾಗಾದ್ರೆ ಅವರು ಹೇಳಿದ ಕಪ್ಪೆ ಇದೇ ಅಂತ ಹೇಳೋದು ಹೇಗೆ?

— ಅವರು ಬರೆದ ಊರಿಗೆ ಹೋಗಿ ಹುಡುಕಬೇಕು. ಹಾಗೇ ಮಾಡಿದ್ದು. ಕಪ್ಪೆ ಹೋಯ್ತು, ಜಾಡಿ ಹೋಯ್ತು, ಊರಿನ ಹೆಸರು ಉಳೀತು. ಪೊದೆಗಪ್ಪೆಗಳ ದೊಡ್ಡ ಕುಲಕ್ಕೆ 2010ರಲ್ಲಿ ರಾವೋರ್ಕೆಸ್ಟಿಸ್ ಅಂತ ಹೆಸರಿಟ್ಟದ್ದು ಅವರ ನೆನಪಿಗೇ. ನನಗೆ ಅದಕ್ಕಿಂತ ಅವರ ಕೊಟ್ಟಿಗೆಹಾರ ಅನ್ನೋ ಒಂದು ಮಾತೇ ದೊಡ್ಡ ಗೌರವ ಅನ್ನಿಸುತ್ತೆ.

— ಆ ಕೊಟ್ಟಿಗೆಹಾರದ್ದು ಕುಣಿಯೋ ಕಪ್ಪೆ ಅಲ್ವಾ? ವಿಡಿಯೊ ನೋಡಿದ್ದೀನಿ. ಕಲ್ಲಿನ ಮೇಲೆ ಕೂತು ಹಿಂಗಾಲು ಚಾಚಿ ಬೀಸುತ್ತೆ.

— ಅದೇ. ಮೈಕ್ರಿಕ್ಸಾಲಸ್ ಕೊಟ್ಟಿಗೆಹಾರೆನ್ಸಿಸ್. ಹರಿಯೋ ಹಳ್ಳದ ಸದ್ದಲ್ಲಿ ಕೂಗು ಮಾತ್ರ ಸಾಲದು, ಅದಕ್ಕೆ ಕಾಲೂ ಎತ್ತಬೇಕು. ನನ್ನ ಕಿವಿಯ ವಿದ್ಯೆಯೂ ಅಲ್ಲಿ ಅರ್ಧಕ್ಕರ್ಧ ಕೆಲಸಕ್ಕೆ ಬಾರದು, ಕಣ್ಣು ಬೇಕು. ಆದ್ರೆ ಕಾಲು ಬೀಸಿದ್ದು ನೋಡಿದ್ರೆ ಕುಲ ತಿಳಿಯುತ್ತೆ ಅಷ್ಟೆ. 2014ರಲ್ಲಿ ಕಪ್ಪೆ ವಿಜ್ಞಾನಿ ಬಿಜು ಮತ್ತು ಸಂಗಡಿಗರು ಒಂದೇ ಲೇಖನದಲ್ಲಿ ಈ ಕುಲದ 14 ಹೊಸ ಪ್ರಭೇದ ವರ್ಣಿಸಿದ್ರು. ಯಾವ ಹಳ್ಳ ಅನ್ನೋದು ಬರೆಯದೆ ಇದ್ರೆ ಎಂಥ ಪಂಡಿತನೂ ತಲೆ ಕೆರ್ಕೋಬೇಕು.

— ನಡವಳಿಕೆಯಿಂದಲೇ ಪ್ರಭೇದ ಹೇಳೋದು ಯಾವುದೂ ಇಲ್ವಾ?

— ಇದೆಯಲ್ಲ, ನಮ್ಮ ಸಿದ್ದಾಪುರ ತಾಲ್ಲೂಕಲ್ಲೇ. ಕತ್ತಲೆಕಾನಿನ ರಾಮಪತ್ರೆ ಜಡ್ಡಿ ಕೇಳಿದ್ದೀಯಾ? ಮರದ ಬೇರುಗಳೆಲ್ಲ ಕೆಸರಿಂದ ಮೇಲೆ ಎದ್ದು ನಿಂತಿರ್ತವೆ, ನಡುವೆ ಕಣಕಾಲುದ್ದದ ನೀರು ಹರೀತಾ ಇರುತ್ತೆ. ಅಲ್ಲಿ ಒಂದು ಇರುಳುಗಪ್ಪೆ. ಕಪ್ಪು-ಕಂದು, ಸುಕ್ಕು ಚರ್ಮ, ಕಣ್ಣಿನ ಪಾಪೆ ದುಂಡಗಿಲ್ಲ, ವಜ್ರಾಕಾರ. ಅದು ಈ ಕುಲದ ಗುರುತು. ಮಳೆಗಾಲದ ರಾತ್ರಿ ಹೆಣ್ಣು ಮುಂಗಾಲೂರಿ ತಲೆಕೆಳಗಾಗಿ ನಿಂತು, ನೀರಿಗಿಂತ ಮೇಲಿರೋ ಕಡ್ಡಿಗೋ ಕಲ್ಲಿಗೋ ಮೊಟ್ಟೆ ಅಂಟಿಸುತ್ತೆ. ಅಂಟಿಸಿ ಹೊರಟುಹೋಗುತ್ತೆ. ಗಂಡು ನೀರಡಿಯಿಂದ ಎರಡೂ ಕೈಯಲ್ಲಿ ಕೆಸರು ಬಾಚಿ ತೆಗೆದು, ಹಿಂಗಾಲ ಮೇಲೆ ಎದ್ದು ನಿಂತು, ಮೊಟ್ಟೆಯ ಮೇಲೆ ಮೆತ್ತುತ್ತೆ. ಮತ್ತೆ ಬಗ್ಗುತ್ತೆ, ಮತ್ತೆ ಬಾಚುತ್ತೆ, ಮತ್ತೆ ಮೆತ್ತುತ್ತೆ, ಮೊಟ್ಟೆ ಪೂರಾ ಮುಚ್ಚೋವರೆಗೂ. ಕಪ್ಪೆ ಸಂಶೋಧಕ ಕೆ.ವಿ. ಗುರುರಾಜ ಅವರ ತಂಡ 2014ರಲ್ಲಿ ಇದಕ್ಕೆ ನಿಕ್ಟಿಬಟ್ರಾಕಸ್ ಕುಂಬಾರ ಅಂತ ಹೆಸರಿಟ್ರು.

— ಹಾಗಾದ್ರೆ ಕಪ್ಪೆ ಸಿಗದಿದ್ರೂ, ಮಣ್ಣು ಮೆತ್ತಿದ ಮೊಟ್ಟೆ ಕಂಡ್ರೆ ಸಾಕು.

— ಆ ಜಡ್ಡಿಯಲ್ಲಾದ್ರೆ ಸಾಕು. ಅದೇ ಸೀಮೆಯಲ್ಲಿ ಜೋಗದ ಹೆಸರಿನ ಇನ್ನೊಂದು ಇರುಳುಗಪ್ಪೆ ಇದೆ, ಹಗಲು ಕೈಗೆ ಸಿಕ್ರೆ ಎರಡನ್ನೂ ಬೇರೆ ಮಾಡೋಕೆ ಒದ್ದಾಡಬೇಕು. ಅದು ಮೊಟ್ಟೆಗೆ ಮಣ್ಣು ಮೆತ್ತಲ್ಲ. ಹಿಡಿದು, ಡಬ್ಬಿಗೆ ಹಾಕಿ, ಮನೆಗೆ ತಂದು ಬಿಳಿ ಕಾಗದದ ಮೇಲಿಟ್ಟು ಫೋಟೊ ತೆಗೆಯೋರಿಗೆ ಇದು ಸಿಗೋದಿಲ್ಲ. ಕೂತು ನೋಡಬೇಕು. ಟಾರ್ಚನ್ನ ನೇರ ಕಣ್ಣಿಗೆ ಬಿಡದೆ, ಉಂಬಳ ಹತ್ತಿದ್ರೂ ಹತ್ತಲಿ ಅಂತ. ನೊರೆಗೂಡೂ ಹಾಗೇ ನೋಡು. ನೀರಿನ ಮೇಲೆ ಬಾಗಿದ ಕೊಂಬೆಯಲ್ಲಿ ಎಲೆ ಸೇರಿಸಿ ಕಟ್ಟಿದ ನೊರೆ ಹಾರುವ ಕಪ್ಪೆಯದ್ದಿರಬಹುದು. ಸಿಮೆಂಟು ತೊಟ್ಟಿಯ ಬರೀ ಗೋಡೆಗೆ ಅಂಟಿದ್ದು ನಿನ್ನ ಬಚ್ಚಲುಮನೆಯವನದ್ದು. ನೊರೆ ಕಂಡ ಕೂಡಲೇ ಹಾರುವ ಕಪ್ಪೆ ಅಂತ ಕುಣಿಯೋರನ್ನ ನೋಡಿದ್ದೀನಿ.

— ಪುಸ್ತಕ ಯಾವುದಾದ್ರೂ ಇದೆಯಾ, ನನ್ನಂಥವರಿಗೆ?

— ಅದೇ ಕೆ.ವಿ. ಗುರುರಾಜ ಅವರ ಚಿತ್ರ ಕೈಪಿಡಿ, ಪಶ್ಚಿಮ ಘಟ್ಟದ ಕಪ್ಪೆಗಳದ್ದು, 2012ರದ್ದು. ಕಪಾಟಲ್ಲಿದೆ, ತಗೊಂಡು ಹೋಗು. ಅದು ಬಂದ ಮೇಲೆ ಎಷ್ಟೋ ಹೊಸ ಹೆಸರು ಸೇರಿವೆ, ಹಳೇ ಹೆಸರು ಬದಲಾಗಿವೆ, ಅಂಚಲ್ಲಿ ನಾನು ಪೆನ್ಸಿಲಲ್ಲಿ ಬರೆದಿದ್ದೀನಿ. ಘಟ್ಟದಲ್ಲಿ 200ಕ್ಕಿಂತ ಜಾಸ್ತಿ ಕಪ್ಪೆ ಇವೆ ಅಂತ ಹೆದರಬೇಡ. ನೀನು ನಿಂತ ಜಾಗದಲ್ಲಿ ಅಷ್ಟಿರಲ್ಲ. ತೋಟದಲ್ಲಿ ಇರೋವನ್ನ ಮೊದಲು ಕಿವಿಗೆ ಹಾಕ್ಕೋ. ಅವನ್ನ ತೆಗೆದ ಮೇಲೆ ಉಳಿಯೋ ಅಪರಿಚಿತ ದನಿ ತಾನಾಗೇ ಬೇರೆ ಕೇಳುತ್ತೆ.

— ಆದ್ರೂ ಒಂದು ಮಾತು. ನೀವು ತಿಳಿಯದು ಅಂತ ಬರೆದ ಪುಸ್ತಕ ಈ ಕಪಾಟಲ್ಲೇ ಇರುತ್ತೆ. ಯಾರೂ ನೋಡಲ್ಲ. ನಾನು ಹಾಕಿದ ಫೋಟೊ, ಕೂಗು ಎಲ್ಲೋ ಕೂತ ತಜ್ಞರ ಕಣ್ಣಿಗೆ ಬೀಳುತ್ತೆ. ತಪ್ಪು ಹೆಸರಿದ್ರೆ ಅವರು ತಿದ್ದುತ್ತಾರೆ.

— ಅದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ. ಒಂದು ಕೆಲಸ ಮಾಡು, ಈ ಪುಸ್ತಕಗಳನ್ನೂ ನಿನ್ನ ಫೋನಿಗೆ ಏರಿಸು. ಗೋಂಕರು ಸಿಕ್ಕ ಗದ್ದೆಯ ನಿಖರ ಜಾಗ ಮಾತ್ರ ಊರಿಗೆಲ್ಲ ಕಾಣೋ ಹಾಗೆ ಹಾಕಬೇಡ. ಕಪ್ಪೆಕಾಲಿನ ರಫ್ತು 1987ರಲ್ಲೇ ನಿಂತಿದೆ, ಮೊದಲ ಮಳೆಗೆ ಗೋಣಿಚೀಲ ಹಿಡ್ಕೊಂಡು ಹೊರಡೋರು ಇನ್ನೂ ಇದ್ದಾರೆ.

— ಸರಿ. ನಾಳೆ ರಾತ್ರಿ ಹಳ್ಳಕ್ಕೆ ಹೋಗೋಣ್ವಾ, ಕುಣಿಯೋದನ್ನ ನೋಡೋಕೆ? ಬ್ಯಾಟರಿ ಚಾರ್ಜ್ ಮಾಡಿಡ್ತೀನಿ.

— ರಾತ್ರಿ ಹೋದ್ರೆ ಏನು ಕಾಣುತ್ತೆ? ಕಾಲು ಬೀಸಿದ್ದು ಇನ್ನೊಂದಕ್ಕೆ ಕಾಣಬೇಕಲ್ಲ, ಅದು ಹಗಲಿನ ಕಪ್ಪೆ. ಈಗ ನೀರಿನ ಸೆಳೆತವೂ ಜಾಸ್ತಿ. ಮಳೆ ಇಳಿದ ಮೇಲೆ, ದೀಪಾವಳಿ ರಜೆಗೆ ಬಾ. ನಾಳೆ ರಾತ್ರಿ ಬೇಕಿದ್ರೆ ಜಡ್ಡಿ ಕಡೆ ಹೋಗೋಣ.

— ಗಂಬೂಟ್ ತಂದಿದ್ದೀನಿ. ಹೋದ ವಾರ ಕೊಡಗಿಗೆ ಹಾಕ್ಕೊಂಡು ಹೋಗಿದ್ದೆ, ಕೆಸರು ಹಾಗೇ ಇದೆ.

— ಅದನ್ನ ಹಾಕ್ಕೊಂಡು ಇಲ್ಲಿಯ ಹಳ್ಳಕ್ಕೆ ಇಳಿಯೋ ಹಾಗಿಲ್ಲ. ಕಪ್ಪೆಗಳ ಚರ್ಮಕ್ಕೆ ಹತ್ತೋ ಶಿಲೀಂಧ್ರ ರೋಗ ಒಂದಿದೆ, ಘಟ್ಟದ ಕಪ್ಪೆಗಳಲ್ಲೂ ಅದು ಕಂಡಿದೆ. ಒಂದು ಹಳ್ಳದ ಕೆಸರು ಇನ್ನೊಂದಕ್ಕೆ ಹೋಗಬಾರದು. ಈಗಲೇ ಬ್ರಷ್ ಹಾಕಿ ತೊಳಿ, ಅಟ್ಟದ ಮೇಲೆ ಒಲೆ ಬಿಸಿಗೆ ಇಡು. ಬೆಳಗಾಗೋದರೊಳಗೆ ಒಣಗದಿದ್ರೆ ನಿನ್ನ ಅತ್ತೆಯದ್ದು ಹಾಕ್ಕೊಂಡು ಬಾ.